ನೆಡ್ ಮಾಡಿದ ಹತ್ತಿ ಕುಂಟೆ



ಹತ್ತಿಯ ಚರಿತ್ರೆ ಎಂದ ಕೂಡಲೇ ನಮಗೆ ನೆನಪಾಗುವುದು ಚರಕ, ಮಗ್ಗ, ಗಿರಣಿ. ಮುಂಬಯಿಯಲ್ಲಿರುವವರಿಗೆ ಪರೇಲ್, ಲಾಲ್‌ಬಾಗ್ ಕಡೆಯ ಗಿರಣಿ ಚಿಮಣಿಗಳು, ಹಾರ್ಬರ್ ಲೈನಿನ ಕಾಟನ್ ಗ್ರೀನ್ ಸ್ಟೇಷನ್ ನೆನಪಾದೀತು. ಶಾಲೆಯ ಇತಿಹಾಸ ಪುಸ್ತಕವನ್ನು ಮರೆಯದವರಿಗೆ ಎಲಿ ವಿಟ್ನಿಯ ಹೆಸರು ಹೊಳೆಯಬಹುದು. ಬೀಜದಿಂದ ಅರಳೆ ಬಿಡಿಸುವ ಅವನ ಜಿನ್ ಯಂತ್ರಕ್ಕೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1794ರಲ್ಲಿ. ಅಂದರೆ ನೂಲುವುದು, ನೇಯುವುದು, ಬೀಜ ಬಿಡಿಸುವುದು, ಈ ಮೂರಕ್ಕೂ 18ನೇ ಶತಮಾನ ಮುಗಿಯುವುದರೊಳಗೆ ಯಂತ್ರ ಬಂದಾಗಿತ್ತು.

ಆದರೆ ಹೊಲದ ಕೆಲಸದ ಕಥೆ ಏನಾಯಿತು? ಸಸಿ ಮೇಲೆದ್ದ ದಿನದಿಂದ ಕಾಯಿ ಒಡೆಯುವವರೆಗೆ ಹತ್ತಿಯನ್ನು ಸಾಕಬೇಕಲ್ಲ, ಅಲ್ಲಿಗೆ ಯಂತ್ರ ಬರಲು ಇನ್ನೂ ನೂರೈವತ್ತು ವರ್ಷ ಬೇಕಾಯಿತು. ಕಳೆ ತೆಗೆಯುವ, ಒತ್ತಾದ ಸಸಿ ಕಿತ್ತು ಅಂತರ ಮಾಡುವ ಆ ಸಾಮಾನ್ಯ ಕೆಲಸದ ಸುತ್ತ ಗುಲಾಮಗಿರಿ, ಕೋರ್ಟು, ಕಾನೂನು, ಮುಷ್ಕರ, ಸಂಗೀತ, ಕಡೆಗೆ ನಮ್ಮ ರೇಡಿಯೋ ಕೂಡ ಸೇರಿಕೊಂಡಿದೆ. ಈ ಸಲ ಆ ಕಥೆಯನ್ನು ನೋಡೋಣ ಬನ್ನಿ.

ಎಳೆಯ ಸಸಿಯ ಕಷ್ಟ

ಹತ್ತಿ ಸಸಿಗೆ ಬಾಲ್ಯದಲ್ಲಿ ಬಲ ಕಡಿಮೆ. ಮೊದಲ ಕೆಲವು ವಾರ ಅದು ಬಹಳ ನಿಧಾನವಾಗಿ ಬೆಳೆಯುತ್ತದೆ. ಅದೇ ಮಳೆ, ಅದೇ ಬಿಸಿಲಿನಲ್ಲಿ ಹುಲ್ಲು ಮಾತ್ರ ನೋಡನೋಡುತ್ತಿದ್ದಂತೆ ಮೇಲೇರುತ್ತದೆ. ಆ ದಿನಗಳಲ್ಲಿ ಕಳೆ ತೆಗೆಯದಿದ್ದರೆ ಬೆಳೆ ಹೋದಂತೆಯೇ.

ಇನ್ನೊಂದು ಕಷ್ಟ ಬೀಜದ್ದು. ಜಿನ್ ಮಾಡಿದ ಮೇಲೂ ಹತ್ತಿ ಬೀಜಕ್ಕೆ ಸಣ್ಣ ನವಿರು ಅಂಟಿಕೊಂಡಿರುತ್ತದೆ. ಒಂದು ಬೀಜಕ್ಕೆ ಇನ್ನೊಂದು ಮೆತ್ತಿಕೊಂಡು ಗುಂಪು ಗುಂಪಾಗಿ ಬೀಳುತ್ತದೆ. ನಮ್ಮ ಕಡೆ ಬಿತ್ತುವ ಮೊದಲು ಬೀಜವನ್ನು ಸಗಣಿ ನೀರಿನಲ್ಲಿ ಉಜ್ಜಿ ಒಣಗಿಸುತ್ತಿದ್ದುದು ಇದೇ ಕಾರಣಕ್ಕೆ. ಜೊತೆಗೆ, ಮಳೆ ಬಂದು ಮಣ್ಣಿನ ಮೇಲೆ ಹೆಪ್ಪು ಕಟ್ಟಿದರೆ ಒಂಟಿ ಮೊಳಕೆಗೆ ಅದನ್ನು ಸೀಳಿ ಬರುವ ಶಕ್ತಿ ಇರುವುದಿಲ್ಲ. ಹತ್ತಾರು ಮೊಳಕೆ ಒಟ್ಟಿಗೆ ತಳ್ಳಿದರೆ ಹೆಪ್ಪು ಒಡೆಯುತ್ತದೆ. ಹಾಗಾಗಿ ರೈತರು ಬೇಕೆಂದೇ ದಟ್ಟವಾಗಿ ಬಿತ್ತುತ್ತಿದ್ದರು. ಹತ್ತು ಹದಿನೈದು ದಿನ ಕಳೆದ ಮೇಲೆ ಹೆಚ್ಚಾದ ಸಸಿಗಳನ್ನು ತೆಗೆದು, ಗಟ್ಟಿಮುಟ್ಟಾದ ಒಂದನ್ನೋ ಎರಡನ್ನೋ ಉಳಿಸುತ್ತಿದ್ದರು.

ಹೀಗೆ ಹತ್ತಿ ಹೊಲದ ಕೆಲಸ ಎರಡು ಭಾಗವಾಯಿತು. ಒಂದು, ಎರಡು ಸಾಲುಗಳ ನಡುವಿನ ನೆಲವನ್ನು ಕೆದಕಿ ಹುಲ್ಲು ಕೊಲ್ಲುವುದು. ಇನ್ನೊಂದು, ಸಾಲಿನ ಒಳಗೇ ಕೈ ಹಾಕಿ ಯಾವ ಸಸಿ ಇರಬೇಕು, ಯಾವುದು ಹೋಗಬೇಕು ಎಂದು ಆರಿಸುವುದು. ಈ ಎರಡರ ವ್ಯತ್ಯಾಸವನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಇಡೀ ಕಥೆ ಇದರ ಮೇಲೆಯೇ ನಿಂತಿದೆ.

ಕೂರಿಗೆ ಮತ್ತು ಎಡೆಕುಂಟೆ

ಮೊದಲನೆಯ ಕೆಲಸಕ್ಕೆ ಎತ್ತಿನ ಸಲಕರಣೆ ನಮ್ಮ ನಾಡಿನಲ್ಲಿ ಹಿಂದಿನಿಂದಲೂ ಇತ್ತು. ಕೂರಿಗೆಯಿಂದ ಸಮ ಅಂತರದ ಸಾಲುಗಳಲ್ಲಿ ಬಿತ್ತುವುದು, ಆಮೇಲೆ ಅದೇ ಅಂತರದ ನಡುವೆ ಎಡೆಕುಂಟೆ ಹೊಡೆಯುವುದು ಎರೆ ಭೂಮಿಯ ಹಳೆಯ ರೂಢಿ. ಮರದ ಚೌಕಟ್ಟು, ಅದರ ಕೆಳಗೆ ಅಡ್ಡಲಾಗಿ ಒಂದು ಕಬ್ಬಿಣದ ಕುಡ. ಅದು ನೆಲದಿಂದ ಎರಡು ಬೆರಳು ಕೆಳಗೆ ಸಾಗುತ್ತಾ ಹುಲ್ಲಿನ ಬೇರು ಕತ್ತರಿಸುತ್ತದೆ, ಮೇಲುಮಣ್ಣನ್ನು ಪುಡಿ ಮಾಡಿ ಬಿರುಕು ಮುಚ್ಚುತ್ತದೆ, ಒಳಗಿನ ತೇವ ಆರದಂತೆ ಕಾಯುತ್ತದೆ. ಒಂದೇ ನೊಗಕ್ಕೆ ಎರಡು ಕುಂಟೆ ಕಟ್ಟಿ ಇಬ್ಬರು ಹಿಂದೆ ನಡೆಯುವುದೂ ಉಂಟು. ಎತ್ತುಗಳು ಎಳೆಯ ಪೈರಿಗೆ ಬಾಯಿ ಹಾಕದಂತೆ ಕುಕ್ಕೆ ಕಟ್ಟುತ್ತಾರೆ.

ಇಂಗ್ಲೆಂಡಿನಲ್ಲಿ ಸಾಲಿನಲ್ಲಿ ಬಿತ್ತಿ, ಸಾಲಿನ ನಡುವೆ ಕುದುರೆಯಿಂದ ಕುಂಟೆ ಹೊಡೆಸಬೇಕು ಎಂದು ಪ್ರಚಾರ ಮಾಡಿದವನು ಜೆತ್ರೊ ಟಲ್. ಆತನ ಪ್ರಸಿದ್ಧ ಪುಸ್ತಕ ಬಂದದ್ದು 1733ರಲ್ಲಿ. ಆಗ ಅಲ್ಲಿ ಅದು ಹೊಸ ವಿಚಾರ. 1800-01ರಲ್ಲಿ ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆಯಲ್ಲಿ ಸಂಚಾರ ಮಾಡಿದಾಗ ಇಲ್ಲಿನ ರೈತರು ಕೂರಿಗೆ, ಕುಂಟೆಗಳನ್ನು ದಿನನಿತ್ಯದ ಸಾಮಾನಿನಂತೆ ಬಳಸುತ್ತಿದ್ದರು. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಆತ ಅವುಗಳ ವಿವರ, ಚಿತ್ರ ಎರಡನ್ನೂ ಕೊಟ್ಟಿದ್ದಾನೆ.

ಆದರೂ ಈಸ್ಟ್ ಇಂಡಿಯಾ ಕಂಪನಿಗೆ ಸಮಾಧಾನವಿರಲಿಲ್ಲ. ಮ್ಯಾಂಚೆಸ್ಟರ್ ಗಿರಣಿಗಳಿಗೆ ಬೇಕಾಗಿದ್ದದ್ದು ಉದ್ದ ಎಳೆಯ ಅಮೆರಿಕನ್ ಹತ್ತಿ. ಅದನ್ನು ಭಾರತದಲ್ಲೇ ಬೆಳೆಸಬೇಕು, ಬೆಳೆಸುವ ಅಮೆರಿಕನ್ ಪದ್ಧತಿಯನ್ನೂ ಇಲ್ಲಿನ ರೈತರಿಗೆ ಕಲಿಸಬೇಕು ಎಂದು ಕಂಪನಿ 1840ರಲ್ಲಿ ಮಿಸಿಸಿಪ್ಪಿ ಕಡೆಯಿಂದ ಹತ್ತು ಮಂದಿ ಹತ್ತಿ ಬೆಳೆಗಾರರನ್ನು ಕರೆಸಿತು. ಅಲ್ಲಿನ ಬೀಜ, ಅಲ್ಲಿನ ನೇಗಿಲು, ಅಲ್ಲಿನ ಜಿನ್ ಯಂತ್ರಗಳೂ ಹಡಗಿನಲ್ಲಿ ಬಂದವು. ಧಾರವಾಡ ಜಿಲ್ಲೆಯಲ್ಲಿ ಕಲೆಕ್ಟರ್ ಶಾ 1842ರ ಸುಮಾರಿಗೆ ನ್ಯೂ ಆರ್ಲಿಯನ್ಸ್ ಬೀಜವನ್ನು ಬೆಳೆಸುವ ಪ್ರಯೋಗ ಆರಂಭಿಸಿದ.

ಬೀಜ ನೆಲಕ್ಕೆ ಹಿಡಿಯಿತು. ಧಾರವಾಡ-ಅಮೆರಿಕನ್ ಎಂಬ ಹೆಸರಿನಲ್ಲಿ ಆ ಹತ್ತಿ ಮಾರುಕಟ್ಟೆಯಲ್ಲಿ ಹೆಸರು ಮಾಡಿತು. ಹೊಸ ಜಿನ್ ಯಂತ್ರವನ್ನೂ ಜನ ಒಪ್ಪಿಕೊಂಡರು. ಆದರೆ ಅಮೆರಿಕನ್ ಬೇಸಾಯದ ಪದ್ಧತಿ ನಿಲ್ಲಲಿಲ್ಲ. ಬಂದ ಬೆಳೆಗಾರರಲ್ಲಿ ಒಬ್ಬನಾದ ಮರ್ಸರ್ ಎಂಬಾತ 1840ರ ದಶಕದ ನಡುವೆ ಸರ್ಕಾರಕ್ಕೆ ನೇರವಾಗಿ ತಿಳಿಸಿಬಿಟ್ಟ. ಈ ಪ್ರಯೋಗದ ಹೊಲಗಳು ವ್ಯರ್ಥ ಖರ್ಚು, ಇಲ್ಲಿನ ಹವೆ ಮತ್ತು ಮಣ್ಣನ್ನು ಬಲ್ಲ ರೈತ ಯಾವ ಯುರೋಪಿಯನ್ನನಿಗಿಂತಲೂ ಚೆನ್ನಾಗಿ, ಕಡಿಮೆ ಖರ್ಚಿನಲ್ಲಿ ಬೆಳೆಯಬಲ್ಲ ಎಂಬುದು ಅವನ ಮಾತಿನ ಸಾರಾಂಶ. ಕಲಿಸಲು ಬಂದವನೇ ಕೊಟ್ಟ ಸರ್ಟಿಫಿಕೇಟು ಅದು!

ಸರಿ, ಈ ಬೆಳೆಗಾರರ ಸ್ವಂತ ಊರಿನಲ್ಲಿ ಇದೇ ಕೆಲಸ ಹೇಗೆ ನಡೆಯುತ್ತಿತ್ತು?

ಲೂಸಿಯಾನದ ಹೊಲದಲ್ಲಿ

ಜಿನ್ ಯಂತ್ರ ಬಂದ ಮೇಲೆ ಅಮೆರಿಕದ ದಕ್ಷಿಣದಲ್ಲಿ ಹತ್ತಿ ಹೊಲ ಹಬ್ಬುತ್ತಾ ಹೋಯಿತು. ಬೀಜ ಬಿಡಿಸುವ ಕೆಲಸ ಹಗುರವಾದಷ್ಟೂ ಹೊಲದ ಕೆಲಸ ಹೆಚ್ಚಿತು. ಆ ಕೆಲಸವನ್ನು ಗುಲಾಮರ ಹೆಗಲ ಮೇಲೆ ಹೊರಿಸಲಾಯಿತು. 1790ರ ಜನಗಣತಿಯಲ್ಲಿ ಅಮೆರಿಕದಲ್ಲಿದ್ದ ಗುಲಾಮರು ಸುಮಾರು 7 ಲಕ್ಷ. 1860ರ ಹೊತ್ತಿಗೆ ಅವರ ಸಂಖ್ಯೆ 39 ಲಕ್ಷ ದಾಟಿತ್ತು.

ಆ ಹೊಲಗಳಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಒಳಗಿನಿಂದ ಬರೆದವನು ಸಾಲಮನ್ ನಾರ್ತಪ್. ನ್ಯೂಯಾರ್ಕ್ ರಾಜ್ಯದ ಸ್ವತಂತ್ರ ಪ್ರಜೆಯಾಗಿದ್ದ ಆತನನ್ನು 1841ರಲ್ಲಿ ವಾಷಿಂಗ್ಟನ್ನಿನಲ್ಲಿ ಅಪಹರಿಸಿ, ಲೂಸಿಯಾನದ ತೋಟಗಳಿಗೆ ಮಾರಿದರು. ಹನ್ನೆರಡು ವರ್ಷದ ನಂತರ, 1853ರಲ್ಲಿ ಬಿಡುಗಡೆಯಾಗಿ ಅದೇ ವರ್ಷ ತನ್ನ ಕಥೆಯನ್ನು ಪುಸ್ತಕ ಮಾಡಿದ. 2013ರಲ್ಲಿ ಅದು ಸಿನಿಮಾ ಆಗಿ ಆಸ್ಕರ್ ಗೆದ್ದದ್ದು ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಸಿನಿಮಾ ನೋಡಿದವರಿಗೆ ಚಾಟಿಯ ದೃಶ್ಯಗಳು ನೆನಪಿರುತ್ತವೆ. ಪುಸ್ತಕದಲ್ಲಿ ಅದರ ಜೊತೆಗೆ ಹತ್ತಿ ಬೇಸಾಯದ ಪೂರ್ತಿ ಪಾಠವೇ ಇದೆ.

ಬಿತ್ತಿದ ಕೆಲವೇ ದಿನಕ್ಕೆ ಮೊದಲ ಸುತ್ತು ಶುರು. ಮೊದಲು ಹೇಸರಗತ್ತೆ ಎಳೆಯುವ ನೇಗಿಲು ಸಾಲಿನ ಪಕ್ಕದಲ್ಲೇ ಸಾಗಿ ಮಣ್ಣನ್ನು ಸಸಿಯಿಂದ ಆಚೆ ಸರಿಸುತ್ತದೆ. ಹಿಂದೆಯೇ ಗುದ್ದಲಿ ಹಿಡಿದ ಗುಲಾಮರ ಸಾಲು. ಅವರು ಹುಲ್ಲನ್ನೂ ಹೆಚ್ಚಾದ ಹತ್ತಿ ಸಸಿಯನ್ನೂ ಕಡಿಯುತ್ತಾ, ಸುಮಾರು ಎರಡೂವರೆ ಅಡಿಗೆ ಒಂದರಂತೆ ಗುಂಪುಗಳನ್ನು ಬಿಡುತ್ತಾ ಹೋಗಬೇಕು. ಇದಕ್ಕೆ ಅಲ್ಲಿ ಹತ್ತಿ ಕೆರೆಯುವುದು ಎಂದೇ ಹೆಸರು. ಎರಡು ವಾರ ಬಿಟ್ಟು ಎರಡನೇ ಸುತ್ತು. ಈಗ ಮಣ್ಣನ್ನು ಸಸಿಯ ಬುಡಕ್ಕೆ ಏರಿಸಿ, ಪ್ರತಿ ಗುಂಪಿನಲ್ಲಿ ದೊಡ್ಡದೊಂದು ಗಿಡ ಮಾತ್ರ ಉಳಿಸಬೇಕು. ಮತ್ತೆ ಎರಡು ವಾರಕ್ಕೆ ಮೂರನೆಯದು, ಜುಲೈ ಆರಂಭದಲ್ಲಿ ನಾಲ್ಕನೆಯದು ಮತ್ತು ಕೊನೆಯದು.

ಎಲ್ಲರಿಗಿಂತ ಚುರುಕಾದವನನ್ನು ಮುಂದಿನ ಸಾಲಿಗೆ ಹಾಕುತ್ತಿದ್ದರು. ಉಳಿದವರು ಅವನ ವೇಗಕ್ಕೆ ಹೆಜ್ಜೆ ಹಾಕಬೇಕು. ಹಿಂದೆ ಬಿದ್ದರೆ ಕುದುರೆಯ ಮೇಲೆ ಬರುವ ಮೇಲ್ವಿಚಾರಕನ ಚಾಟಿ. ಬೆಳಗಿನಿಂದ ಸಂಜೆಯವರೆಗೂ ಆ ಚಾಟಿ ಒಂದು ಕ್ಷಣವೂ ಸುಮ್ಮನಿರುತ್ತಿರಲಿಲ್ಲ ಎಂಬ ಅರ್ಥದಲ್ಲಿ ನಾರ್ತಪ್ ಬರೆದಿದ್ದಾನೆ.

ನೆಡ್ ಎಂಬ ಒಂದೇ ಹೆಸರು

ಕೆಲಸ ಮಾಡುವವನಿಗೇ ಅದರ ಕಷ್ಟ ಗೊತ್ತು. ಸುಲಭ ಮಾಡುವ ದಾರಿ ಹೊಳೆಯುವುದೂ ಹೆಚ್ಚಾಗಿ ಅವನಿಗೇ. ಮಿಸಿಸಿಪ್ಪಿ ರಾಜ್ಯದ ಪೈಕ್ ಕೌಂಟಿಯಲ್ಲಿ ಆಸ್ಕರ್ ಸ್ಟುವರ್ಟ್ ಎಂಬ ವಕೀಲ, ತೋಟದ ಮಾಲೀಕ ಇದ್ದ. ಅವನ ಬಳಿಯಿದ್ದ ಗುಲಾಮರಲ್ಲಿ ಒಬ್ಬನ ಹೆಸರು ನೆಡ್. ಈ ನೆಡ್ ಒಂದು ಹೊಸ ಸಲಕರಣೆ ಮಾಡಿದ. ಅದುವರೆಗೆ ಸ್ಕ್ರೇಪರ್ ಎಂಬ ಕೆರೆಯುವ ಕುಂಟೆಯನ್ನು ಸಾಲಿನ ಒಂದು ಬದಿಗೆ ಒಮ್ಮೆ, ಇನ್ನೊಂದು ಬದಿಗೆ ಇನ್ನೊಮ್ಮೆ ಎಳೆಸಬೇಕಾಗಿತ್ತು. ನೆಡ್ ಮಾಡಿದ್ದು ಜೋಡಿ ಸ್ಕ್ರೇಪರ್. ಸಾಲಿನ ಎರಡೂ ಬದಿಯನ್ನು ಒಂದೇ ಸಲಕ್ಕೆ ಕೆರೆದು ಹಾಕುವಂಥದ್ದು.

ಇದು ದುಡ್ಡು ತರುವ ವಸ್ತು ಎಂದು ಸ್ಟುವರ್ಟ್‌ಗೆ ತಕ್ಷಣ ಹೊಳೆಯಿತು. 1857ರ ಆಗಸ್ಟ್‌ನಲ್ಲಿ ಆತ ವಾಷಿಂಗ್ಟನ್ನಿಗೆ, ಗೃಹ ಖಾತೆಯ ಕಾರ್ಯದರ್ಶಿ ಜೇಕಬ್ ಥಾಮ್ಸನ್‌ಗೆ ಪತ್ರ ಬರೆದ. ಪೇಟೆಂಟ್ ಕಚೇರಿ ಆಗ ಆ ಖಾತೆಯ ಕೆಳಗಿತ್ತು, ಥಾಮ್ಸನ್ ಕೂಡ ಮಿಸಿಸಿಪ್ಪಿಯವನೇ. ಸ್ಟುವರ್ಟ್‌ನ ವಾದ ಸರಳವಾಗಿತ್ತು. ಗುಲಾಮನ ಕೈಯ ದುಡಿಮೆ ಹೇಗೆ ಮಾಲೀಕನದೋ, ಬುದ್ಧಿಯ ದುಡಿಮೆಯೂ ಹಾಗೆಯೇ ಮಾಲೀಕನದು, ಆದ್ದರಿಂದ ಪೇಟೆಂಟ್ ನನಗೆ ಕೊಡಿ ಎಂದು.

ಇಲ್ಲಿ ಕಾನೂನು ತನ್ನ ಬಲೆಯಲ್ಲಿ ತಾನೇ ಸಿಕ್ಕಿಬಿತ್ತು. ಪೇಟೆಂಟ್ ಪಡೆಯುವವನು, ಇದನ್ನು ಮೊದಲು ಕಂಡುಹಿಡಿದವನು ನಾನೇ, ನಾನು ಇಂಥ ದೇಶದ ಪ್ರಜೆ ಎಂದು ಪ್ರಮಾಣ ಮಾಡಬೇಕಿತ್ತು. ಸ್ಟುವರ್ಟ್ ಹಾಗೆ ಪ್ರಮಾಣ ಮಾಡುವಂತಿಲ್ಲ, ಏಕೆಂದರೆ ಕಂಡುಹಿಡಿದವನು ಅವನಲ್ಲ. ನೆಡ್ ಮಾಡೋಣವೆಂದರೆ ಅವನು ಯಾವ ದೇಶದ ಪ್ರಜೆ? ಅದೇ 1857ರ ಮಾರ್ಚ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಡ್ರೆಡ್ ಸ್ಕಾಟ್ ಮೊಕದ್ದಮೆಯಲ್ಲಿ, ಆಫ್ರಿಕಾ ಮೂಲದವರು ಗುಲಾಮರಾಗಿರಲಿ ಸ್ವತಂತ್ರರಾಗಿರಲಿ ಅಮೆರಿಕದ ಪ್ರಜೆಗಳಾಗಲಾರರು ಎಂದು ತೀರ್ಪು ಕೊಟ್ಟಿತ್ತು.

ಪ್ರಶ್ನೆ ಸರ್ಕಾರದ ಅಟಾರ್ನಿ ಜನರಲ್ ಜೆರೆಮಯಾ ಬ್ಲ್ಯಾಕ್‌ನ ಮೇಜಿಗೆ ಹೋಯಿತು. 1858ರ ಜೂನ್ 10ರಂದು ಆತ ಕೊಟ್ಟ ಅಭಿಪ್ರಾಯ ತೀರಾ ಚಿಕ್ಕದು. ಗುಲಾಮ ಕಂಡುಹಿಡಿದ ಯಂತ್ರ ಎಷ್ಟೇ ಹೊಸದಾಗಿರಲಿ, ಎಷ್ಟೇ ಉಪಯುಕ್ತವಾಗಿರಲಿ, ಅದಕ್ಕೆ ಪೇಟೆಂಟ್ ಇಲ್ಲ. ಗುಲಾಮನಿಗೂ ಇಲ್ಲ, ಮಾಲೀಕನಿಗೂ ಇಲ್ಲ.

ಪೇಟೆಂಟ್ ಸಿಗದಿದ್ದರೇನು, ಸ್ಟುವರ್ಟ್ ಆ ಸ್ಕ್ರೇಪರನ್ನು ತಯಾರಿಸಿ ಮಾರಲು ಹೊರಟ. ಜಾಹೀರಾತಿನಲ್ಲಿ ಇದು ಗುಲಾಮನೊಬ್ಬ ಕಂಡುಹಿಡಿದದ್ದು ಎಂದು ಹೆಮ್ಮೆಯಿಂದಲೇ ಹಾಕಿಸಿದ. ಗುಲಾಮಗಿರಿ ಮನುಷ್ಯನ ಬುದ್ಧಿಯನ್ನು ಕುಗ್ಗಿಸುತ್ತದೆ ಎನ್ನುವವರಿಗೆ ಇದೇ ಉತ್ತರ, ಸ್ವತಂತ್ರನಾದ ಕಪ್ಪು ಮನುಷ್ಯ ಎಂದಾದರೂ ಏನನ್ನಾದರೂ ಕಂಡುಹಿಡಿದಿದ್ದಾನೆಯೇ ಎಂಬುದು ಅವನ ಸವಾಲು. ಉತ್ತರ ಪೇಟೆಂಟ್ ಕಚೇರಿಯ ಕಪಾಟಿನಲ್ಲೇ ಇತ್ತು. ನ್ಯೂಯಾರ್ಕಿನ ಥಾಮಸ್ ಜೆನ್ನಿಂಗ್ಸ್‌ಗೆ 1821ರಲ್ಲಿ ಬಟ್ಟೆ ಶುಚಿ ಮಾಡುವ ವಿಧಾನಕ್ಕೆ ಪೇಟೆಂಟ್ ಸಿಕ್ಕಿತ್ತು. ಮೇರಿಲ್ಯಾಂಡಿನ ಹೆನ್ರಿ ಬ್ಲೇರ್‌ಗೆ 1834ರಲ್ಲಿ ಮೆಕ್ಕೆಜೋಳ ಬಿತ್ತುವ ಯಂತ್ರಕ್ಕೆ, 1836ರಲ್ಲಿ ಹತ್ತಿ ಬಿತ್ತುವ ಯಂತ್ರಕ್ಕೆ ಸಿಕ್ಕಿತ್ತು. ಇಬ್ಬರೂ ಸ್ವತಂತ್ರರಾದ ಕಪ್ಪು ಜನರೇ.

1861ರಲ್ಲಿ ದಕ್ಷಿಣದ ರಾಜ್ಯಗಳು ಬೇರೆಯಾಗಿ ತಮ್ಮದೇ ಸರ್ಕಾರ ಮಾಡಿಕೊಂಡಾಗ, ತಮ್ಮ ಹೊಸ ಪೇಟೆಂಟ್ ಕಾಯಿದೆಯಲ್ಲಿ ಈ ತೊಡಕನ್ನು ಮರೆಯದೆ ಬಿಡಿಸಿಕೊಂಡವು. ಗುಲಾಮ ಏನಾದರೂ ಕಂಡುಹಿಡಿದರೆ ಪೇಟೆಂಟ್ ಅವನ ಮಾಲೀಕನಿಗೆ ಎಂದು ಒಂದು ಕಲಮನ್ನೇ ಸೇರಿಸಿದವು. ಯುದ್ಧದಲ್ಲಿ ಆ ಸರ್ಕಾರ ಸೋತಿತು, ಕಲಮೂ ಹೋಯಿತು. 1865ರಲ್ಲಿ ಗುಲಾಮಗಿರಿ ರದ್ದಾಯಿತು. ನೆಡ್‌ನ ಬಗ್ಗೆ ಆ ಪತ್ರಗಳಲ್ಲಿ ಉಳಿದದ್ದು ಮೂರಕ್ಷರದ ಆ ಹೆಸರು. ಮಾಲೀಕನಿಗೆ ಮನೆತನದ ಹೆಸರು, ಹುದ್ದೆ, ವಿಳಾಸ ಎಲ್ಲ ಉಂಟು.

ಕಾಂಗ್ರೆಸ್ಸಿನಲ್ಲಿ ಓದಿದ ಪಟ್ಟಿ

ಈ ಕಥೆಗೆ ಒಂದು ಉತ್ತರಾರ್ಧವಿದೆ. ಸೌತ್ ಕೆರೊಲಿನಾದ ಸಮ್ಟರ್ ಕೌಂಟಿಯಲ್ಲಿ 1853ರಲ್ಲಿ ಗುಲಾಮನಾಗಿ ಹುಟ್ಟಿದ ಒಬ್ಬ ಹುಡುಗ, ಜಾರ್ಜ್ ವಾಷಿಂಗ್ಟನ್ ಮರ್ರೆ. ಯುದ್ಧ ಮುಗಿಯುವ ಹೊತ್ತಿಗೆ ತಂದೆ ತಾಯಿ ಇಬ್ಬರೂ ಇಲ್ಲ. ಹಾಗೂ ಹೀಗೂ ಓದಿ ಮೇಷ್ಟರಾದ, ಜಮೀನು ಮಾಡಿದ, ರಾಜಕೀಯಕ್ಕೆ ಬಂದ. 1893ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಸದಸ್ಯನಾಗಿ ಹೋದಾಗ ಅಲ್ಲಿದ್ದ ಏಕೈಕ ಕಪ್ಪು ಸದಸ್ಯ ಆತನೇ.

ಮರ್ರೆ ಸಲಕರಣೆಗಳನ್ನು ಮಾಡುವವನೂ ಹೌದು. 1894ರಲ್ಲಿ ಆತನಿಗೆ ಬೇಸಾಯದ ಸಲಕರಣೆಗಳ ಮೇಲೆ ಎಂಟು ಪೇಟೆಂಟ್ ಸಿಕ್ಕವು. ಬಿತ್ತುವ ಯಂತ್ರ, ಗೊಬ್ಬರ ಹಾಕುವ ಯಂತ್ರ, ಕಲ್ಟಿವೇಟರ್, ಜೊತೆಗೆ ಒಂದು ಕಾಟನ್ ಚಾಪರ್, ಅಂದರೆ ಒತ್ತಾದ ಹತ್ತಿ ಸಸಿಯನ್ನು ಕಡಿದು ಅಂತರ ಮಾಡುವ ಯಂತ್ರ. ನೆಡ್‌ಗೆ ಪೇಟೆಂಟ್ ಇಲ್ಲವೆಂದ ಅದೇ ಕಚೇರಿ, ಮೂವತ್ತಾರು ವರ್ಷದ ನಂತರ, ಅದೇ ಹತ್ತಿ ಸಾಲಿನ ಕೆಲಸಕ್ಕೆ, ಗುಲಾಮನಾಗಿ ಹುಟ್ಟಿದ ಇನ್ನೊಬ್ಬನ ಹೆಸರಿಗೆ ಮುದ್ರೆ ಒತ್ತಿತು.

ಆ ವರ್ಷದ ಆಗಸ್ಟ್ 10ರಂದು ಕಾಂಗ್ರೆಸ್ಸಿನಲ್ಲಿ ಅಟ್ಲಾಂಟಾದ ಹತ್ತಿ ರಾಜ್ಯಗಳ ವಸ್ತುಪ್ರದರ್ಶನದ ಬಗ್ಗೆ ಚರ್ಚೆ. ಮರ್ರೆ ಎದ್ದು ನಿಂತು, ಕಪ್ಪು ಜನ ಪಡೆದ 92 ಪೇಟೆಂಟುಗಳ ಪಟ್ಟಿಯನ್ನು ಸಭೆಯ ದಾಖಲೆಗೆ ಸೇರಿಸಿದ. ತನ್ನ ಎಂಟೂ ಅದರಲ್ಲಿದ್ದವು. ಪೇಟೆಂಟ್ ಕಚೇರಿಯಲ್ಲೇ ಕೆಲಸ ಮಾಡುತ್ತಿದ್ದ ಕಪ್ಪು ಅಧಿಕಾರಿ ಹೆನ್ರಿ ಬೇಕರ್ ಇಂಥ ಹೆಸರುಗಳನ್ನು ವರ್ಷಗಟ್ಟಲೆ ಕೂಡಿಹಾಕುತ್ತಿದ್ದ. ಪೇಟೆಂಟ್ ಅರ್ಜಿಯಲ್ಲಿ ಬಣ್ಣ, ಜನಾಂಗ ಬರೆಯುವ ಪದ್ಧತಿ ಇಲ್ಲದ್ದರಿಂದ ಬೇಕರ್ ಊರೂರಿನ ವಕೀಲರಿಗೆ ಪತ್ರ ಬರೆದು ವಿಚಾರಿಸಬೇಕಾಗಿತ್ತು. ಇಂದು ಅಮೆರಿಕದ ಕಪ್ಪು ಸಂಶೋಧಕರ ಬಗ್ಗೆ ಗೊತ್ತಿರುವುದರಲ್ಲಿ ಬಹುಪಾಲು ಈ ಶ್ರಮದಿಂದ ಉಳಿದದ್ದು.

ಆದರೆ ಕಾಲ ಮರ್ರೆಯ ಕಡೆಗಿರಲಿಲ್ಲ. 1895ರಲ್ಲಿ ಸೌತ್ ಕೆರೊಲಿನಾ ತನ್ನ ಸಂವಿಧಾನ ಬದಲಿಸಿ, ಓದು ಬರಹದ ಪರೀಕ್ಷೆ, ಆಸ್ತಿಯ ಷರತ್ತುಗಳ ಮೂಲಕ ಕಪ್ಪು ಜನರ ಮತದಾನದ ಹಕ್ಕು ಕಿತ್ತುಕೊಂಡಿತು. 1897ರಲ್ಲಿ ಮರ್ರೆಯ ಅವಧಿ ಮುಗಿಯಿತು. ಆ ರಾಜ್ಯದಿಂದ ಮತ್ತೊಬ್ಬ ಕಪ್ಪು ಸದಸ್ಯ ಕಾಂಗ್ರೆಸ್ಸಿಗೆ ಹೋದದ್ದು 1993ರಲ್ಲಿ. ಮರ್ರೆ ಕಡೆಗೆ ಷಿಕಾಗೊ ಸೇರಿ, 1926ರಲ್ಲಿ ಅಲ್ಲೇ ತೀರಿಕೊಂಡ.

ಚಾಪರ್ ಸೋತದ್ದು ಎಲ್ಲಿ?

ಮರ್ರೆಯೊಬ್ಬನೇ ಅಲ್ಲ, 19ನೇ ಶತಮಾನದ ಉತ್ತರಾರ್ಧದಲ್ಲಿ ಹತ್ತಿ ಸಸಿ ಕಡಿಯುವ ಯಂತ್ರಕ್ಕೆ ಪೇಟೆಂಟ್ ಪಡೆದವರು ಬಹಳ ಜನ. ಹೆಚ್ಚಿನವುಗಳ ಉಪಾಯ ಒಂದೇ. ಹೇಸರಗತ್ತೆ ಗಾಡಿ ಎಳೆದಂತೆ ಚಕ್ರ ತಿರುಗುತ್ತದೆ. ಚಕ್ರದಿಂದ ಹಲ್ಲುಗಾಲಿಯ ಮೂಲಕ ಒಂದು ದಂಡ ತಿರುಗುತ್ತದೆ. ದಂಡಕ್ಕೆ ಗುದ್ದಲಿಯಂಥ ಅಲಗುಗಳು. ಅವು ಸಾಲಿಗೆ ಅಡ್ಡಲಾಗಿ ಬೀಸುತ್ತಾ ಒಂದಿಷ್ಟು ಕಡಿಯುತ್ತವೆ, ಒಂದಿಷ್ಟು ಬಿಡುತ್ತವೆ, ಮತ್ತೆ ಕಡಿಯುತ್ತವೆ.

ಲೆಕ್ಕ ಸರಿಯಾಗಿತ್ತು, ಆದರೆ ಹೊಲ ಲೆಕ್ಕದ ಪ್ರಕಾರ ಇರುವುದಿಲ್ಲವಲ್ಲ! ಅಲಗು ಬೀಳುವ ಜಾಗದಲ್ಲೇ ಗಟ್ಟಿ ಸಸಿ ಇರಬಹುದು, ಬಿಟ್ಟ ಜಾಗದಲ್ಲಿ ಬಡಕಲು ಸಸಿ. ನಾಲ್ಕು ಅಡಿ ಮೊಳಕೆಯೇ ಬಾರದ ಕಡೆ ಒಂದೇ ಒಂದು ಸಸಿ ಎದ್ದಿದ್ದರೆ ಅದನ್ನೂ ಯಂತ್ರ ಕಡಿದು ಮುಂದೆ ಹೋಗುತ್ತದೆ. ಬಿಟ್ಟ ಗುಂಪಿನಲ್ಲಿ ಹತ್ತಿಯ ಜೊತೆ ಹುಲ್ಲೂ ಉಳಿಯುತ್ತದೆ. ಯಂತ್ರ ಹೋದ ಮೇಲೆ ಹೇಗೂ ಗುದ್ದಲಿ ಹಿಡಿದವರು ಬರಲೇಬೇಕು. ಹಾಗಿದ್ದ ಮೇಲೆ ಯಂತ್ರಕ್ಕೆ ದುಡ್ಡು ಯಾಕೆ ಎಂಬುದು ರೈತನ ಪ್ರಶ್ನೆ. ಗುಲಾಮಗಿರಿ ಹೋದರೂ ಪಾಲಿಗೆ ಬೇಸಾಯ ಮಾಡುವ, ಸಾಲದಲ್ಲಿ ಮುಳುಗಿದ ಕುಟುಂಬಗಳು ಅಲ್ಲಿ ಲಕ್ಷಗಟ್ಟಲೆ ಇದ್ದವು. ಗಂಡ, ಹೆಂಡತಿ, ಮಕ್ಕಳು ಎಲ್ಲರ ಕೈಗೂ ಗುದ್ದಲಿ. ಅಷ್ಟು ಅಗ್ಗವಾಗಿ ಜನ ಸಿಗುವಾಗ ಮಾಲೀಕನಿಗೂ ಯಂತ್ರದ ಆತುರ ಇರಲಿಲ್ಲ.

ಸಾಲುಗಳ ನಡುವಿನ ಕೆಲಸ ಮಾತ್ರ ಯಂತ್ರಕ್ಕೆ ಸುಲಭವಾಗಿ ಒಲಿಯಿತು. 1924ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಫಾರ್ಮಾಲ್ ಟ್ರ್ಯಾಕ್ಟರ್ ಬಂತು. ಮುಂದಿನ ಚಕ್ರಗಳು ಒತ್ತಾಗಿದ್ದು ಎರಡು ಸಾಲಿನ ನಡುವೆ ಸಾಗುತ್ತಿದ್ದವು. ಹೊಟ್ಟೆಯ ಭಾಗ ಎತ್ತರವಾಗಿದ್ದರಿಂದ ಕೆಳಗೆ ಪೈರು ಮುರಿಯುತ್ತಿರಲಿಲ್ಲ. ಅದಕ್ಕೆ ಕಲ್ಟಿವೇಟರ್ ಕಟ್ಟಿದರೆ ಹಲವು ಹೇಸರಗತ್ತೆಗಳ ಕೆಲಸ ಒಂದೇ ದಿನದಲ್ಲಿ ಮುಗಿಯುತ್ತಿತ್ತು. 1944ರಲ್ಲಿ ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್ ಬಳಿಯ ಹಾಪ್ಸನ್ ತೋಟದಲ್ಲಿ ಹತ್ತಿ ಬಿಡಿಸುವ ಯಂತ್ರವೂ ಜನರ ಮುಂದೆ ಓಡಿ ತೋರಿಸಿತು. ಹಿಂದೆ ಕೂರಿಗೆ, ಮುಂದೆ ಬಿಡಿಸುವ ಯಂತ್ರ, ನಡುವೆ ಮಾತ್ರ ಮನುಷ್ಯ ಮತ್ತು ಗುದ್ದಲಿ!

ಈ ನಡುವಿನ ಕೊಂಡಿಯನ್ನು ತುಂಬಲು ಜನ ಏನೇನೋ ಮಾಡಿ ನೋಡಿದರು. ಅಲಬಾಮಾದ ಪ್ರೈಸ್ ಮೆಕ್‌ಲೆಮೋರ್ ಸಾಲಿನ ಬುಡಕ್ಕೆ ಬೆಂಕಿಯ ಜ್ವಾಲೆ ಹಾಯಿಸುವ ಯಂತ್ರ ಮಾಡಿದ. ಹತ್ತಿಯ ಕಾಂಡ ಸ್ವಲ್ಪ ಗಟ್ಟಿಯಾದ ಮೇಲೆ ಹಾಯಿಸಿದರೆ ಎಳೆ ಹುಲ್ಲು ಬಾಡುತ್ತದೆ, ಹತ್ತಿ ತಡೆದುಕೊಳ್ಳುತ್ತದೆ. ಇನ್ನು ಕೆಲವರು ಹೊಲಕ್ಕೆ ಹೆಬ್ಬಾತುಗಳನ್ನು ಬಿಟ್ಟರು. ಬಾತುಗಳಿಗೆ ಹುಲ್ಲು ಇಷ್ಟ, ಹತ್ತಿ ಎಲೆ ಬೇಡ. ಯಾವ ಪೇಟೆಂಟೂ ಇಲ್ಲದೆ, ಹತ್ತಿ ಯಾವುದು ಹುಲ್ಲು ಯಾವುದು ಎಂದು ಅವುಗಳಿಗೆ ಗೊತ್ತಿತ್ತು!

ಮಧ್ಯಾಹ್ನ 12.15ರ ರೇಡಿಯೋ

ಈ ಗುದ್ದಲಿ ಹಿಡಿದ ಜನರಿಗೂ ರೇಡಿಯೋಗೂ ಒಂದು ನಂಟಿದೆ. ಅರ್ಕನ್ಸಾಸಿನ ಹೆಲೆನಾ ಪಟ್ಟಣದ ಕೆಎಫ್‌ಎಫ್‌ಎ ಕೇಂದ್ರ 1941ರ ನವೆಂಬರಿನಲ್ಲಿ ಕಿಂಗ್ ಬಿಸ್ಕಿಟ್ ಟೈಮ್ ಎಂಬ ಕಾರ್ಯಕ್ರಮ ಶುರು ಮಾಡಿತು. ಪ್ರಾಯೋಜಕರು ಹಿಟ್ಟಿನ ವ್ಯಾಪಾರಿಗಳು. ಸನ್ನಿ ಬಾಯ್ ವಿಲಿಯಮ್ಸನ್ ಮತ್ತು ರಾಬರ್ಟ್ ಲಾಕ್‌ವುಡ್ ಸ್ಟುಡಿಯೋದಲ್ಲೇ ಕೂತು ಬ್ಲೂಸ್ ಹಾಡುತ್ತಿದ್ದರು. ಪ್ರಸಾರದ ಹೊತ್ತು ಮಧ್ಯಾಹ್ನ 12.15, ಹೊಲದಿಂದ ಊಟಕ್ಕೆ ಬಂದವರು ಕೇಳಲೆಂದು. ಹಾಗೆ ಹತ್ತಿ ಹೊಲದಿಂದ ಬಂದು ಕೇಳುತ್ತಿದ್ದವರಲ್ಲಿ ಒಬ್ಬ ಹುಡುಗ ಮುಂದೆ ಮೆಂಫಿಸ್‌ನ ಡಬ್ಲ್ಯುಡಿಐಎ ಕೇಂದ್ರದಲ್ಲಿ ನಿರೂಪಕನಾಗಿ, ಅಲ್ಲಿ ಸಿಕ್ಕ ಅಡ್ಡಹೆಸರಿನಿಂದಲೇ ಜಗತ್ತಿಗೆ ಪರಿಚಯವಾದ. ಬಿ. ಬಿ. ಕಿಂಗ್!

ಎಲ್ಲರ ಕಥೆ ಹಾಗಾಗಲಿಲ್ಲ. 1965ರಲ್ಲೂ ಮಿಸಿಸಿಪ್ಪಿಯಲ್ಲಿ ಸಸಿ ಕಡಿಯುವವರ ಕೂಲಿ ದಿನಕ್ಕೆ 3 ಡಾಲರ್. ಗಂಟೆಗೆ 1.25 ಡಾಲರ್ ಕೊಡಿ ಎಂದು ಮಿಸಿಸಿಪ್ಪಿ ಫ್ರೀಡಂ ಲೇಬರ್ ಯೂನಿಯನ್ ಮುಷ್ಕರ ಹೂಡಿತು. ಉಳಿದ ಕಾರ್ಮಿಕರಿಗೆ ಆಗಲೇ ಇದ್ದ ಕನಿಷ್ಠ ಕೂಲಿ ಅಷ್ಟು, ಹೊಲದ ಕೂಲಿಗಳಿಗೆ ಮಾತ್ರ ಆ ಕಾನೂನು ಅನ್ವಯಿಸುತ್ತಿರಲಿಲ್ಲ. ಲೀಲ್ಯಾಂಡ್ ಊರಿನ ಬಳಿ ಕೆಲಸ ಬಿಟ್ಟ ಕುಟುಂಬಗಳನ್ನು ತೋಟದ ಮನೆಗಳಿಂದ ಹೊರಹಾಕಿದಾಗ ಅವರು ಡೇರೆ ಹಾಕಿ ನಿಂತರು. ಆ ಜಾಗಕ್ಕೆ ಸ್ಟ್ರೈಕ್ ಸಿಟಿ ಎಂದೇ ಹೆಸರಾಯಿತು.

1966ರಲ್ಲಿ ಕಾನೂನು ತಿದ್ದಿ ಹೊಲದ ಕೆಲಸಗಾರರಿಗೂ ಕನಿಷ್ಠ ಕೂಲಿ ನಿಗದಿ ಮಾಡಿದರು. ಆದರೆ ಅಷ್ಟರಲ್ಲಿ ಕಳೆನಾಶಕ ಬಂದಿತ್ತು, ಆಮ್ಲದಲ್ಲಿ ನವಿರು ತೆಗೆದ ನುಣುಪಾದ ಬೀಜವೂ ಬಂದಿತ್ತು. ಬೀಜ ಬಿಡಿಬಿಡಿಯಾಗಿ, ಬೇಕಾದಷ್ಟೇ ಬೀಳುತ್ತಿತ್ತು. ಸಸಿ ಕಡಿಯುವ ಅಗತ್ಯವೇ ಉಳಿಯಲಿಲ್ಲ. ಕೂಲಿ ಏರಿಸುವ ಬದಲು ಮಾಲೀಕರು ಔಷಧಿ ಸಿಂಪಡಿಸಿದರು. ನೂರು ವರ್ಷ ಯಂತ್ರ ಗೆಲ್ಲಲಾಗದ ಕೆಲಸ ಹೀಗೆ ಕೆಲವೇ ವರ್ಷಗಳಲ್ಲಿ ಮಾಯವಾಯಿತು, ಅದನ್ನೇ ನಂಬಿದ್ದವರ ಅನ್ನವೂ ಹೋಯಿತು. 1910ರಿಂದ 1970ರವರೆಗೆ ದಕ್ಷಿಣ ಬಿಟ್ಟು ಷಿಕಾಗೊ, ಡೆಟ್ರಾಯಿಟ್, ನ್ಯೂಯಾರ್ಕಿನಂಥ ಪಟ್ಟಣಗಳಿಗೆ ಹೋದ ಕಪ್ಪು ಜನ ಸುಮಾರು 60 ಲಕ್ಷ. ಹೊಟ್ಟೆಪಾಡಿಗೆ ಊರು ಬಿಟ್ಟು ದೊಡ್ಡ ಪಟ್ಟಣ ಸೇರುವುದು ಎಂದರೇನು ಎಂದು ನಮ್ಮ ಕೇಳುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮತ್ತೆ ಧಾರವಾಡಕ್ಕೆ

ನಮ್ಮ ಕಡೆಯೂ ಸಸಿ ಕೀಳುವ ಕೆಲಸ ಕಡಿಮೆಯಾಯಿತು, ಆದರೆ ಬೇರೆ ದಾರಿಯಿಂದ. 1972ರಲ್ಲಿ ಧಾರವಾಡದ ಸಂಶೋಧನಾ ಕೇಂದ್ರದಿಂದ ಡಾ. ಬಿ. ಎಚ್. ಕಟರಕಿ ಅವರ ವರಲಕ್ಷ್ಮಿ ಹತ್ತಿ ಬಂತು. ಹತ್ತಿಯ ಎರಡು ಬೇರೆ ಬೇರೆ ಪ್ರಭೇದಗಳನ್ನು ಕೂಡಿಸಿ ಬೇಸಾಯಕ್ಕೆ ತಂದ ಮೊದಲ ಹೈಬ್ರಿಡ್ ಅದು. ಹೈಬ್ರಿಡ್ ಬೀಜ ದುಬಾರಿ. ದಟ್ಟವಾಗಿ ಬಿತ್ತಿ ಆಮೇಲೆ ಕಿತ್ತೆಸೆಯಲು ಯಾರಿಗೆ ಮನಸ್ಸು ಬಂದೀತು? ರೈತರು ಹೊಲಕ್ಕೆ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದು, ಗೆರೆ ಕೂಡುವ ಕಡೆ ಒಂದೆರಡು ಬೀಜ ಊರತೊಡಗಿದರು. ಗಿಡಗಳು ಚೌಕದಲ್ಲಿ ನಿಂತ ಮೇಲೆ ಎಡೆಕುಂಟೆಯನ್ನು ಉದ್ದಕ್ಕೂ ಹೊಡೆಯಬಹುದು, ಅಡ್ಡಕ್ಕೂ ಹೊಡೆಯಬಹುದು. ಮಿಸಿಸಿಪ್ಪಿಯಲ್ಲಿ ಯಂತ್ರ ತಲುಪಲಾರದೆ ಹೋದ ಸಾಲಿನೊಳಗಿನ ನೆಲವನ್ನು ಎತ್ತಿನ ಕುಂಟೆ ಹೀಗೆ ಬಹುಮಟ್ಟಿಗೆ ತಲುಪಿತು.

ಬಹುಮಟ್ಟಿಗೆ ಎಂದೆ. ಗಿಡದ ಬುಡದ ಸುತ್ತ ಒಂದು ಗೇಣು ಜಾಗ ಯಾವ ಕುಂಟೆಗೂ ಸಿಗುವುದಿಲ್ಲ. ಅಲ್ಲಿ ಬಗ್ಗಿ ಕುರ್ಪಿ ಹಿಡಿದು ಕಸ ತೆಗೆಯುವವರು ಹೆಂಗಸರು. ಎಡೆಕುಂಟೆ ಹೊಡೆಯುವ ಗಂಡಾಳಿನ ಕೂಲಿಗಿಂತ ಅವರ ಕೂಲಿ ಎಂದೂ ಕಡಿಮೆಯೇ. ಹೆಚ್ಚು ವಿವೇಚನೆ ಬೇಡುವ ಕೆಲಸಕ್ಕೆ ಕಡಿಮೆ ಬೆಲೆ ಎಂಬ ನಿಯಮ ಲೂಸಿಯಾನದಲ್ಲೂ ಇತ್ತು, ನಮ್ಮಲ್ಲೂ ಇದೆ.

ಎಲಿ ವಿಟ್ನಿಯ ಹೆಸರು ಮಕ್ಕಳ ಪುಸ್ತಕದಲ್ಲಿದೆ. ಎಡೆಕುಂಟೆಯನ್ನು ಮೊದಲು ಮಾಡಿದ ಬಡಿಗ, ಕಮ್ಮಾರರ ಹೆಸರನ್ನು ಯಾರೂ ಬರೆದಿಡಲಿಲ್ಲ. ನೆಡ್‌ನ ಹೆಸರು ಉಳಿದದ್ದೂ ಅವನಿಗೆ ಹಕ್ಕಿಲ್ಲ ಎಂದು ಹೇಳುವ ಕಾಗದದಲ್ಲಿ.

ನಮ್ಮ ಕೇಳುಗರಲ್ಲಿ ಗದಗ, ಹುಬ್ಬಳ್ಳಿ, ಹಾವೇರಿ, ರಾಯಚೂರು, ಬಳ್ಳಾರಿ ಕಡೆಯವರು ಬಹಳ ಮಂದಿ ಇದ್ದೀರಿ. ನಿಮ್ಮ ಮನೆಯ ಹಿರಿಯರು ಎಡೆಕುಂಟೆಯ ಒಂದೊಂದು ಭಾಗಕ್ಕೂ ಏನೆಂದು ಕರೆಯುತ್ತಿದ್ದರು, ನಿಮ್ಮೂರಿನಲ್ಲಿ ಅದನ್ನು ಮಾಡಿಕೊಡುತ್ತಿದ್ದವರು ಯಾರು? ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ ಕೇಳಿ, ನಮಗೂ ಬರೆದು ತಿಳಿಸಿ. ಆ ಹೆಸರುಗಳನ್ನು ನಮ್ಮ ಕಾರ್ಯಕ್ರಮದಲ್ಲಿ ಓದುತ್ತೇವೆ.